ನಾಕು ನಾ

ನಮ್ಮ ಭಾವ ಎಲ್ಲಪ್ಪ ಸತ್ತ ಸುದ್ದಿ ಮನೆಗೆ ಬಂದದ್ದು ನಲವತ್ತಾರನೇ ಇಸವಿಯ ಅವರೆಕಾಯಿ ಕಾಲದಲ್ಲಿ. ಸುದ್ದಿ ತಂದವರು ನಮ್ಮ ಯಜಮಾನರೇ. ಅಣ್ಣ ತಮ್ಮ ಇಬ್ಬರೂ ಕೋಲಾರಕ್ಕೆ ಹೋಗಿ ಒಟ್ಟಿಗೆ ದಂಡಿಗೆ ಸೇರಿದ್ದರು. ಸಿಂಗಪುರದಲ್ಲಿ ಜಪಾನಿನವರ ಕೈಗೆ ಸಿಕ್ಕಿದ್ದೂ ಒಟ್ಟಿಗೇ. ಯುದ್ಧ ಮುಗಿದ ಮೇಲೆ ಶ್ರೀನಿವಾಸಪುರದಲ್ಲಿ ರೈಲಿಳಿದು ಗೌನಿಪಲ್ಲಿ ದಾರಿ ಹಿಡಿದು ನಮ್ಮ ಹಳ್ಳಿಗೆ ನಡೆದು ಬಂದವರು ತಮ್ಮ ಒಬ್ಬರೇ.

ಅತ್ತೆ ಆವಲಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಗನ ಮುಖ ನೋಡಿದರು. ಆಮೇಲೆ ಅವನ ಹಿಂದಿನ ಬೀದಿ ನೋಡಿದರು.

"ಅವ್ನು ಹಿಂದೆ ಬರ್ತಾವ್ನಾ?"

"ಇಲ್ಲಮ್ಮ. ಅಣ್ಣ ಅಲ್ಲೇ ಜ್ವರದಲ್ಲಿ ತೀರ್ಕೊಂಡ. ಮಣ್ಣು ಮಾಡಿ ಬಂದೆ."

ಅತ್ತೆ ಅಳಲಿಲ್ಲ. ಮಡಿಲಲ್ಲಿದ್ದ ಕಾಯಿ ಸುಲಿದು ಮುಗಿಸಿ, ಸಿಪ್ಪೆ ಗುಡಿಸಿ ಹಸುವಿಗೆ ಹಾಕಿ, ಮಗನಿಗೆ ಬಿಸಿನೀರು ಕಾಯಿಸು ಅಂತ ನನಗೆ ಹೇಳಿದರು. ಒಳಗೆ ಒರಳಿನ ಹತ್ತಿರ ನನ್ನ ಓರಗಿತ್ತಿ ಕದಿರಮ್ಮ ನಿಂತಿದ್ದಳು. ಸತ್ತವರ ಹೆಂಡತಿ ಅವಳು. ಮಾತೆಲ್ಲ ಅವಳಿಗೆ ಕೇಳಿಸಿತ್ತು. ಒನಕೆ ಕೆಳಗೆ ಇಟ್ಟವಳು ಮತ್ತೆ ಎತ್ತಿಕೊಂಡಳು. ಅತ್ತೆ ಅಳದ ಮನೆಯಲ್ಲಿ ಸೊಸೆ ಅಳುವುದು ಹೇಗೆ? ಸಾಯಂಕಾಲ ಹುಲ್ಲು ತರುವ ನೆಪದಲ್ಲಿ ಬಣವೆ ಹಿಂದೆ ಹೋಗಿ, ತೊಟ್ಟಿಯಲ್ಲಿ ಮುಖ ತೊಳೆದುಕೊಂಡು ಬಂದಳು. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ.

ಮಾವ ದೊಡ್ಡನಾರಾಯಣಪ್ಪನವರು ನೇಮದ ಮನುಷ್ಯ. ಸೂತಕ ಕಳೆಯಬೇಕು, ಎಡೆ ಇಡಬೇಕು, ಕುಲದವರನ್ನು ಕರೆಸಬೇಕು ಅಂದರು. ಅತ್ತೆ ಒಪ್ಪಲಿಲ್ಲ. ಹೆಣ ನೋಡಿಲ್ಲ, ಗುಂಡಿ ನೋಡಿಲ್ಲ, ಕಾಣದ್ದಕ್ಕೆ ಯಾವ ಎಡೆ ಅಂದರು. ಕದಿರಮ್ಮನ ಬಳೆ ಮುಟ್ಟಲೂ ಯಾರನ್ನೂ ಬಿಡಲಿಲ್ಲ. ಮಾವ ಎರಡು ಸಲ ಕೂಗಾಡಿ ಹೊಲದ ಕಡೆ ನಡೆದರು. ಹೀಗೆ ಮನೆಯಲ್ಲಿ ಸಾವು ಆಗಿತ್ತು, ಅಳು ಆಗಿರಲಿಲ್ಲ.

ನಮ್ಮ ಯಜಮಾನರು, ಮುನಿಕೃಷ್ಣಪ್ಪ, ಮೊದಲು ಬಾಯಿ ತುಂಬ ಮಾತಾಡುತ್ತಿದ್ದವರು. ಈಗ ಸೆರೆಯ ಸುದ್ದಿ ಎತ್ತಿದರೆ ಸಾಕು, ತಟ್ಟೆ ಬಿಟ್ಟು ಏಳುತ್ತಿದ್ದರು. ಕೆಲಸ ಮಾತ್ರ ಬಿಡಲಿಲ್ಲ. ಬಂದ ವಾರದಲ್ಲೇ ಕಪಿಲೆ ಹೊಡೆಯಲು ನಿಂತರು. ಆಗ ನಮ್ಮ ಕಡೆ ಬಾವಿಗೆ ಪಂಪು ಇರಲಿಲ್ಲ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಇಳಿದರೆ ಬಾವಿಯಿಂದ ತೊಗಲ ಬಾನೆ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತಿತ್ತು. ಹೊಡೆಯುವವನು ಹಗ್ಗದ ಮೇಲೆ ಕೂತು ಹಾಡಬೇಕು. ಹಾಡಿಗೆ ಎತ್ತು ನಡೆಯುತ್ತವೆ. ಎಲ್ಲಪ್ಪನ ಹಾಡಿಗೆ ಎತ್ತುಗಳು ಕುಣಿಯುತ್ತಿದ್ದವು ಅಂತ ಊರವರು ಹೇಳುತ್ತಿದ್ದರು.

ನಮ್ಮವರು ಹಾಡುತ್ತಿದ್ದದ್ದು ಬೇರೆ. ಹಾಡು ಅನ್ನುವುದಕ್ಕೂ ಆಗದು. ಮೂಗಿನಲ್ಲಿ ಎಳೆದು ಎಳೆದು, ಕೆಳಗಿಳಿದು, ಅಲ್ಲೇ ಸ್ವಲ್ಪ ನಿಂತು, ಮತ್ತೆ ಎಳೆಯುವುದು. ಮಾತು ಹೆಚ್ಚೇನೂ ಕೇಳಿಸುತ್ತಿರಲಿಲ್ಲ. ಆದರೆ ಪ್ರತಿ ಸುತ್ತಿನ ಕೊನೆಗೂ ಒಂದು ಮಾತು ಮಾತ್ರ ಚೆನ್ನಾಗಿ ಕೇಳುತ್ತಿತ್ತು: ನಾಕು ನಾ... ನಾಕು ನಾ...

ಎತ್ತುಗಳು ಅರ್ಧ ಇಳಿಜಾರಿನಲ್ಲೇ ನಿಂತುಬಿಡುತ್ತಿದ್ದವು. ಮಾವ ಬದನೆ ಮಡಿಯಲ್ಲಿ ನೀರಿಗೆ ಕಾದು ಕಾದು ಬೈದರು.

"ಏನ್ಲಾ ಅದು, ನಾಕು ನಾಕು ಅಂತ? ಐದನೇ ಬಾನೆ ಯಾವಾಗ ಎಳೀತೀಯ?"

ಬಾನೆ ಎಣಿಸುತ್ತಿದ್ದಾನೆ, ನಾಲ್ಕರ ಮೇಲೆ ಲೆಕ್ಕ ಮರೆತಿದ್ದಾನೆ ಅಂತ ಅವರು ತಿಳಿದಿದ್ದರು. ನಮ್ಮವರು ಬೆಚ್ಚಿ ತಲೆ ಎತ್ತಿ, ಏನಪ್ಪಾ ಅಂದರು. ತಾವು ಹಾಡುತ್ತಿದ್ದದ್ದೇ ಅವರಿಗೆ ಗೊತ್ತಿರಲಿಲ್ಲ.

ಅತ್ತೆಗೆ ಕೇಳಿಸಿದ್ದು ಇನ್ನೊಂದು. ಅವರು ಗಡಿ ಆಚೆಯ ತೆಲುಗರ ಮನೆಯ ಹೆಣ್ಣು. ನಮ್ಮ ಮನೆಯಲ್ಲಿ ಸಂತೆಗೆ ಕನ್ನಡ, ಮುದ್ದಿಗೂ ಜಗಳಕ್ಕೂ ತೆಲುಗು. ಎಲ್ಲಪ್ಪ ಅಮ್ಮನ ಹತ್ತಿರ ತೆಲುಗು ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲವಂತೆ. ತೆಲುಗಿನಲ್ಲಿ ನಾಕು ಅಂದರೆ ನನಗೆ. ನಾ ಅಂದರೆ ನನ್ನ. ಕಾಲುವೆ ಬಾಯಿ ಕಟ್ಟುತ್ತಿದ್ದ ಅತ್ತೆ ಗುದ್ದಲಿ ಹಿಡಿದ ಕೈ ಹಾಗೆಯೇ ನಿಲ್ಲಿಸಿ ಕೇಳಿದರು. ಮನೆಗೆ ಬಂದು ಕದಿರಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದರು. ಅದು ತಮ್ಮನ ಹಾಡಲ್ಲ, ಅಣ್ಣ ತಮ್ಮನ ಬಾಯಲ್ಲಿ ಬಂದು ಕೇಳುತ್ತಿದ್ದಾನೆ. ನನಗೆ ನನ್ನದು ಕೊಡು ಅಂತಿದ್ದಾನೆ, ಏನು ಕೊಡಬೇಕು ಅನ್ನುವುದಷ್ಟೇ ಬಾಯಿಗೆ ಬರುತ್ತಿಲ್ಲ ಅಂದರು. ಕೃಷ್ಣಪ್ಪನನ್ನು ಯಾರೂ ಇದರ ವಿಷಯ ಕೇಳಕೂಡದು ಅಂತ ಆಣೆ ಇಡಿಸಿದರು. ಮೈಮೇಲೆ ಬಂದವರನ್ನು ಎಚ್ಚರಿಸಿ ಕೇಳಿದರೆ ಬಂದದ್ದು ಹೋಗಿಬಿಡುತ್ತದೆ ಅನ್ನುವುದು ಆ ಕಡೆಯವರ ನಂಬಿಕೆ. ಅತ್ತೆಗೆ ಬೇಕಾಗಿದ್ದದ್ದು ಮಗ ಹೋಗದಿರುವುದು.

ಮೊದಲು ಅವರು ನಿಶ್ಚಯ ಮಾಡಿದ್ದು ಊಟ. ನಾಕು ನಾ ಸಂಗಟಿ, ನನಗೆ ನನ್ನ ಮುದ್ದೆ. ಅಲ್ಲಿ ಹಸಿದು ಸತ್ತಿರಬೇಕು ಮಗು ಅಂದರು. ಅವತ್ತಿನಿಂದ ಒಂದು ಮುದ್ದೆ ಹೆಚ್ಚಿಗೆ ಕಟ್ಟುವುದಾಯಿತು. ಎಲ್ಲಪ್ಪ ಕೂರುತ್ತಿದ್ದ ಕಂಬದ ಪಕ್ಕ ತಟ್ಟೆ ಇಟ್ಟು, ಮುದ್ದೆ ಇಟ್ಟು, ಸಾರು ಬಿಟ್ಟು, ಗಂಡಸರು ಉಂಡು ಏಳುವ ತನಕ ಕಾಯುವುದು. ಆಮೇಲೆ ಆ ತಟ್ಟೆಗೆ ಕದಿರಮ್ಮ ಕೂರಬೇಕು. ಗಂಡ ಉಂಡ ತಟ್ಟೆಯಲ್ಲಿ ಹೆಂಡತಿ ಉಣ್ಣುವುದು ನಮ್ಮಲ್ಲಿ ಇದ್ದದ್ದೇ. ನಾನೂ ಉಣ್ಣುತ್ತಿದ್ದೆ. ಆದರೆ ಆ ತಟ್ಟೆಯಲ್ಲಿ ಯಾರೂ ಉಂಡಿರುತ್ತಿರಲಿಲ್ಲ. ತಣ್ಣಗಾಗಿ ಬಿರುಕು ಬಿಟ್ಟ ಮುದ್ದೆಯನ್ನು ಅವಳು ಮುರಿದು ನುಂಗುವುದನ್ನು ನೋಡಲಾರದೆ ನಾನು ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದೆ.

ಮಾವನಿಗೂ ಈ ವಿಷಯ ತಿಳಿಯಿತು. ಅವರ ಮನಸ್ಸಿಗೆ ಬಂದದ್ದು ನಾ ಪಾಲು. ಮಾವಿನ ತೋಪಿನಲ್ಲಿ ತನ್ನ ಪಾಲು ಕೇಳುತ್ತಿದ್ದಾನೆ ಅಂತ. ದಂಡಿಗೆ ಹೋಗುವ ಮುಂಚೆ ಆ ವಿಷಯಕ್ಕೆ ಅಪ್ಪ ಮಗನಿಗೆ ಮಾತು ಬೆಳೆದಿತ್ತು. ಮಾವ ಯಾರಿಗೂ ಹೇಳದೆ ತೋಪಿಗೆ ಹೋಗಿ ಎಲ್ಲಪ್ಪ ನೆಟ್ಟಿದ್ದ ಗಿಡಗಳ ಪಾತಿ ಬಿಡಿಸಿ ಗೊಬ್ಬರ ಹಾಕಿ ಬಂದರು. ಹೀಗೆ ಒಬ್ಬೊಬ್ಬರೂ ಆ ಮಾತನ್ನು ತಮ್ಮ ತಮ್ಮ ಭಯದಿಂದ ಮುಗಿಸಿಕೊಳ್ಳುತ್ತಿದ್ದರು.

ಶಿವರಾತ್ರಿ ಕಳೆದ ಮೇಲೆ ಕದಿರಮ್ಮನ ಅಣ್ಣ ಗಂಗುಲಪ್ಪ ಬಂದ. ಅವನಿಗೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರ ಹತ್ತಿರ ಕಲ್ಲು ಒಡೆದು ಕೊಡುವ ಕೆಲಸ. ಹುಬ್ಬಿನ ತುಂಬ ಕಲ್ಲುಪುಡಿ. ತಂದೆ ತಾಯಿ ಇಲ್ಲದ ಅಣ್ಣ ತಂಗಿ ಅವರು. ಉಂಡು ಕೈ ತೊಳೆದು ವಿಷಯ ತೆಗೆದ. ಕ್ಯಾಲನೂರಿನಲ್ಲಿ ಚನ್ನರಾಯಪ್ಪ ಅಂತ ಇದ್ದಾನೆ, ಎಮ್ಮೆ ಕಟ್ಟಿ ಕೋಲಾರಕ್ಕೆ ಹಾಲು ಹಾಕುತ್ತಾನೆ, ಹೆಂಡತಿ ಹೋಗಿ ವರ್ಷ ಕಳೆಯಿತು, ಮಕ್ಕಳಿಲ್ಲ, ಕೂಡಿಕೆಗೆ ಕೇಳುತ್ತಿದ್ದಾನೆ ಅಂದ. ಗಂಡ ಸತ್ತವಳಿಗೆ ಮತ್ತೆ ಗಂಡನ ಮನೆ ಮಾಡಿಕೊಡುವ ಕೂಡಿಕೆ ನಮ್ಮ ಕುಲದಲ್ಲಿ ನಡೆಯುತ್ತಿತ್ತು. ಆದರೆ ಸತ್ತವನ ಮನೆಯವರು ಕುಲದವರ ಮುಂದೆ ಬಿಟ್ಟೆವು ಅಂತ ಹೇಳಬೇಕು. ಹೇಳದಿದ್ದರೆ ಆಗದು.

ಮಾವ ಹೂಂ ಅನ್ನುವುದರಲ್ಲಿದ್ದರು. ಅತ್ತೆ ಬಾಗಿಲಿಗೆ ಬಂದು ನಿಂತರು.

"ಈಗ ಗೊತ್ತಾಯ್ತು ಅವನು ಏನು ಕೇಳ್ತಾವ್ನೆ ಅಂತ. ನಾಕು ನಾ ಪೆಂಡ್ಲಾಂ. ನನ್ನ ಹೆಂಡ್ತಿ ನನಗೆ ಇರ್ಲಿ ಅಂತಾವ್ನೆ. ಕೇಳ್ತಾ ಇರೋನ ಕೈಯಿಂದ ಕಿತ್ತು ಕೊಡ್ಲಾ?"

ಗಂಗುಲಪ್ಪ ಬಂದ ದಾರಿಯಲ್ಲೇ ಹೋದ. ಯುಗಾದಿ ಕಳೆದ ಮೇಲೆ ಇನ್ನೊಂದು ಸಲ ಬರುತ್ತೇನೆ, ಅಷ್ಟರ ಮೇಲೆ ಆ ಕಡೆಯವರು ಕಾಯುವುದಿಲ್ಲ ಅಂತ ತಂಗಿಗೆ ಹೇಳಿ ಹೋಗಿದ್ದ.

ಕದಿರಮ್ಮ ನನಗೆ ಹೇಳಿದಳು, ಮುಸುರೆ ತಿಕ್ಕುತ್ತಾ. ಹೋಗಬೇಕು ಅನ್ನಿಸುತ್ತದೆ, ನಾನು ಆ ಮನುಷ್ಯನ ಜೊತೆ ಒಂದು ಬೇಸಿಗೆಯೂ ಪೂರ್ತಿ ಬಾಳಲಿಲ್ಲ, ಮುಖ ಕೂಡ ಈಗೀಗ ಮಸುಕಾಗಿದೆ ಅಂದಳು. ನಾನು ಹೋಗು ಅಂದೆ.

"ಹೆಂಗೆ ಹೋಗ್ಲಿ ಭಾರತಿ? ನಿಜವಾಗ್ಲೂ ಅವ್ರೇ ಕೇಳ್ತಾ ಇದ್ರೆ?"

ಅವಳಿಗೂ ನಂಬಿಕೆ ಬಂದುಬಿಟ್ಟಿತ್ತು.

ಯುಗಾದಿಯ ಹೋಳಿಗೆಯೂ ಆ ತಟ್ಟೆಗೆ ಬಿತ್ತು. ಮಾರನೆಯ ದಿನ ಕದಿರಮ್ಮ ಕೂರಲಿಲ್ಲ. ತಟ್ಟೆ ಎತ್ತಿಕೊಂಡು ಹೋಗಿ ಹಸುವಿನ ಬಾನಿಗೆ ಸುರಿದಳು. ಅತ್ತೆ ನೋಡಿದರು. ಗಂಡನ ಅನ್ನ ದನಕ್ಕೆ ಹಾಕುವವಳು, ಎಮ್ಮೆಯವನ ಮನೆಗೆ ಈಗಲೇ ಮನಸ್ಸು ಹೋಗಿದೆ, ಇನ್ನೂ ಏನೇನೋ ಅಂದರು. ಮಾವ ಸುಮ್ಮನಿರು ಅಂದರೆ ಅವರ ಮೇಲೂ ಹಾಯ್ದರು. ಕದಿರಮ್ಮ ತಟ್ಟೆ ತೊಳೆದು ಗೋಡೆಗೆ ಒರಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾವಿಯ ಕಡೆ ಹೊರಟಳು. ಬಾವಿಯ ಕಡೆ ಹೊರಟಳು ಅನ್ನುವುದಕ್ಕೇ ನಮಗೆ ಹೆದರಿಕೆಯಾಯಿತು. ನಾನೂ ಅತ್ತೆಯೂ ಮಾವನೂ ಹಿಂದೆಯೇ ಓಡಿದೆವು.

ಅವಳು ಬಾವಿಗೆ ಹೋಗಲಿಲ್ಲ. ಇಳಿಜಾರಿನ ಕೆಳಗೆ ಹೋಗಿ, ಬರುತ್ತಿದ್ದ ಎತ್ತುಗಳ ಮುಂದೆ ನಿಂತು ನೊಗ ಹಿಡಿದಳು. ಹಗ್ಗದ ಮೇಲೆ ನಮ್ಮ ಯಜಮಾನರು ಕೂತಿದ್ದರು, ಅದೇ ಹಾಡು ಬಾಯಲ್ಲಿ.

"ಕೃಷ್ಣಪ್ಪ, ನಿನ್ನ ಬಾಯಲ್ಲಿ ನಿಮ್ಮಣ್ಣ ಏನು ಕೇಳ್ತಾವ್ರೆ? ನನ್ನನ್ನೇ ಕೇಳ್ತಾ ಇದ್ರೆ ಹೇಳ್ಬಿಡು. ಇಲ್ಲೇ ಇರ್ತೀನಿ. ಏನೂ ಗೊತ್ತಿಲ್ದೆ ಇರೋಕೆ ಮಾತ್ರ ನನ್ನ ಕೈಲಿ ಆಗಲ್ಲ."

ಕೇಳಬೇಡ ಕಣೇ, ಅಂತ ಅತ್ತೆ ಹಿಂದಿನಿಂದ ಅಂದರು. ನಮ್ಮವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಏನು ನಡೆಯುತ್ತಿದೆ ಅಂತ ಅವರಿಗೆ ತಿಳಿಯಲೇ ಇಲ್ಲ. ಆಗ ನಾನೇ ಹೇಳಿದೆ. ನೀವು ನಾಕು ನಾ ಅಂತ ಹಾಡುವುದು, ತಟ್ಟೆ ಇಡುವುದು, ಪೆಂಡ್ಲಾಂ ಅಂದದ್ದು, ಎಲ್ಲ ಹೇಳಿದೆ. ತಟ್ಟೆ ಇಡುವುದನ್ನು ದಿನವೂ ನೋಡುತ್ತಿದ್ದವರೇ ಅವರು. ಅಮ್ಮ ತನ್ನ ಸಮಾಧಾನಕ್ಕೆ ಇಡುತ್ತಾಳೆ ಅಂದುಕೊಂಡಿದ್ದರಂತೆ.

ಅವರು ಹಗ್ಗದಿಂದ ಇಳಿದರು.

"ಅದು ತೆಲುಗಲ್ಲ ಅತ್ತಿಗೆ. ಜಪಾನಿನ ಮಾತು. ನಾಕುನಾ ಅಂದ್ರೆ ಅಳಬೇಡ ಅಂತ."

ಮೇಲೆ ಬಂದಿದ್ದ ಬಾನೆ ಹಾಗೆಯೇ ತೂಗಾಡುತ್ತಾ ನೀರು ಸೋರಿಸುತ್ತಿತ್ತು. ನಮ್ಮವರು ಕಾಲುವೆಯ ಏರಿಯ ಮೇಲೆ ಕೂತು, ಬಂದ ಮೇಲೆ ಮೊದಲ ಸಲ, ಆ ಕಥೆ ಹೇಳಿದರು.

ಸೆರೆಯಲ್ಲಿ ಅಡುಗೆ ನೋಡಿಕೊಳ್ಳಲು ಒಬ್ಬ ವಯಸ್ಸಾದ ಜಪಾನಿಯವನಿದ್ದ. ಒಳ್ಳೆಯವನು ಅಂತ ಹೇಳಲಾರೆ ಅಂದರು, ಅಕ್ಕಿ ಚೆಲ್ಲಿದ್ದಕ್ಕೆ ನಮ್ಮವರ ಕೆನ್ನೆಗೂ ಹೊಡೆದಿದ್ದನಂತೆ. ಅಲ್ಲಿ ಅವರ ಕಡೆಯವರೂ ಜ್ವರದಲ್ಲಿ ಸಾಯುತ್ತಿದ್ದರು. ಸತ್ತವರನ್ನು ಸುಟ್ಟ ದಿನ ಉಳಿದವರು ಕೂತು ಹಾಡುತ್ತಿದ್ದರು. ನಮ್ಮ ಹಾಗೆ ಎದೆ ಬಡಿದುಕೊಂಡು, ಹೋದವನನ್ನು ಹೆಸರು ಹಿಡಿದು ಕರೆದು ಅಳುವುದಿಲ್ಲ. ಕೈ ತೊಡೆಯ ಮೇಲಿಟ್ಟು, ನೆಲ ನೋಡಿಕೊಂಡು, ತಗ್ಗಿದ ದನಿಯಲ್ಲಿ ಹಾಡುವುದು. ಹೆತ್ತವಳು ಸತ್ತರೆ ಒಂದು, ಜೊತೆಯವನು ಸತ್ತರೆ ಒಂದು, ಹೀಗೆ ಬೇರೆ ಬೇರೆ ಹಾಡು. ಮಾತು ತಿಳಿಯದಿದ್ದರೂ ತಂತಿಬೇಲಿಯ ಈಚೆ ಮಲಗಿದ್ದವರಿಗೆ ಅದು ಸಾವಿನ ಹಾಡು ಅಂತ ತಿಳಿಯುತ್ತಿತ್ತು. ಅಡುಗೆಯವನದು ಮಗುವಿನ ಹಾಡು. ಊರಿನಲ್ಲಿ ಅವನ ಮಗಳು ಸತ್ತಿದ್ದಳು, ಅವನು ನೋಡಿರಲಿಲ್ಲ. ಅನ್ನ ಬೇಯಿಸುವಾಗೆಲ್ಲ ಅದನ್ನೇ ಹಾಡುತ್ತಿದ್ದ. ನಾಕುನಾ ಅಂದರೇನು ಅಂತ ಕೈಸನ್ನೆಯಲ್ಲಿ ಕೇಳಿದ್ದಕ್ಕೆ, ಕಣ್ಣ ಕೆಳಗೆ ಬೆರಳು ಎಳೆದು, ಆ ಕೈಯನ್ನೇ ಬೇಡ ಅಂತ ಆಡಿಸಿ ತೋರಿಸಿದ್ದ.

"ಅಣ್ಣನ್ನ ಗುಂಡಿಗೆ ಇಳಿಸಿದಾಗ ನನಗೆ ಅಳು ಬರ್ಲಿಲ್ಲ. ಮಂತ್ರ ಇಲ್ಲ, ಊದುಕಡ್ಡಿ ಇಲ್ಲ. ಆ ಅಡುಗೆಯವನೇ ಬಂದು ಗುಂಡಿ ಪಕ್ಕ ಕೂತ್ಕೊಂಡು ಅದನ್ನ ಹಾಡ್ದ. ನನಗೆ ಅಳಬೇಡ ಅಂತ ಹಾಡ್ತಾ ತಾನೇ ಅತ್ತ."

ಮಾವನಿಗೆ ಸಿಟ್ಟು ಬಂತು. ನನ್ನ ಮಗನನ್ನು ಕೂಡಿಹಾಕಿ ಕೊಂದವರ ಹಾಡು ನನ್ನ ಬಾವಿಯ ಮೇಲೆ ಬೇಡ, ಇವತ್ತಿಗೆ ನಿಲ್ಲಿಸು ಅಂದರು. ನಮ್ಮವರೂ ಬಿಡಲಿಲ್ಲ. ಕೊಂದವರು ಬೇರೆ ಇರಬಹುದು, ಅಣ್ಣನಿಗೆ ಅಂತ ಹಾಡಿದವನು ಅವನೊಬ್ಬನೇ, ನಾವು ಅಷ್ಟನ್ನೂ ಮಾಡಿಲ್ಲ ಅಂದರು.

ಅತ್ತೆ ಇಷ್ಟು ಹೊತ್ತೂ ನಿಂತೇ ಇದ್ದರು.

"ಅಂದ್ರೆ ಅವನು ನನ್ನ ಏನೂ ಕೇಳ್ಲಿಲ್ವೇನೋ?"

"ಇಲ್ಲಮ್ಮ. ಕೊನೇಲಿ ಅವನಿಗೆ ಮಾತೇ ಇರ್ಲಿಲ್ಲ."

"ಮುದ್ದೆ ಕೇಳ್ಲಿಲ್ವಾ?"

"ಇಲ್ಲಮ್ಮ."

ಅತ್ತೆ ಕಾಲುವೆಯ ಕೆಸರಿನಲ್ಲೇ ಕೂತರು. ಆಮೇಲೆ ಮಗನಿಗೆ, ಹಾಡು, ಪೂರ್ತಿ ಹಾಡು, ನಾನು ಕೇಳಬೇಕು ಅಂದರು. ನಮ್ಮವರು ಮಾವನ ಮುಖ ನೋಡಿದರು. ಮಾವ ಬೇರೆ ಕಡೆ ತಿರುಗಿಕೊಂಡರು, ಬೇಡ ಅನ್ನಲಿಲ್ಲ. ನಮ್ಮವರು ಕೈ ತೊಡೆಯ ಮೇಲಿಟ್ಟುಕೊಂಡು ಹಾಡಿದರು. ಅದಕ್ಕೆ ಮುಂಚೆ ನಾನು ಅದನ್ನು ಎಷ್ಟು ಸಲ ಕೇಳಿದ್ದೆನೋ. ಅರ್ಥ ಗೊತ್ತಾದ ಮೇಲೆ ಕೇಳಿದ್ದು ಅದೇ ಮೊದಲು. ಕೊನೆಗೆ ನಾಕುನಾ ಬಂತು. ಅತ್ತೆ ತಲೆ ಅಲ್ಲಾಡಿಸಿದರು.

"ಏಡುಸ್ತಾನ್ರಾ ನಾಯನಾ. ಏಡುಸ್ತಾನು."

ಅಳ್ತೀನಿ ಕಣಪ್ಪ, ಅಳ್ತೀನಿ ಅಂತ. ಹೇಳಿದ್ದು ಯಾರಿಗೋ, ಎಲ್ಲಪ್ಪನಿಗೋ ಆ ಅಡುಗೆಯವನಿಗೋ. ಅಲ್ಲಿಂದ ಶುರುವಾಯಿತು. ಹೆತ್ತದ್ದು, ಹಾಲುಣಿಸಿದ್ದು, ಮಾವಿನ ಮರದಿಂದ ಬಿದ್ದಾಗ ಹೊತ್ತು ತಂದದ್ದು, ಒಂದೊಂದನ್ನೂ ಹೇಳಿ, ಮಗನನ್ನು ಹೆಸರು ಹಿಡಿದು ಕರೆದು ರಾಗ ಎಳೆದು ಅತ್ತರು. ಕದಿರಮ್ಮ ಹೋಗಿ ಅವರ ಕೊರಳು ತಬ್ಬಿದಳು. ಅವಳಿಗೂ ಆಗಲೇ ಅಳುವುದಕ್ಕೆ ಜಾಗ ಸಿಕ್ಕಿದ್ದು. ಪಕ್ಕದ ಹೊಲದ ಹೆಂಗಸರು ಕಳೆ ಕೀಳುವುದು ಬಿಟ್ಟು ಓಡಿ ಬಂದರು. ಮಾವ ಎತ್ತುಗಳನ್ನು ಬಿಚ್ಚಿ ನೆರಳಿಗೆ ಕಟ್ಟಿ, ಅವುಗಳ ಪಕ್ಕದಲ್ಲೇ ನಿಂತು ಮುಖಕ್ಕೆ ಟವಲು ಒತ್ತಿಕೊಂಡರು.

ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಊರವರು ಗಂಜಿ ತಂದು ಕೊಟ್ಟರು.

ಮುಂದಿನದೆಲ್ಲ ಕ್ರಮವಾಗಿ ನಡೆಯಿತು. ಸೂತಕ, ಎಡೆ, ಕುಲದವರ ಊಟ. ಬಳೆ ತೆಗೆಯುವ ದಿನ ವಯಸ್ಸಾದ ಹೆಂಗಸೊಬ್ಬಳು ಕಲ್ಲು ತಂದಳು. ಅತ್ತೆ ಕಲ್ಲು ಈಸಿಕೊಂಡು ಹೊರಗೆ ಎಸೆದರು. ಹರಳೆಣ್ಣೆ ತಂದು ಕದಿರಮ್ಮನ ಕೈಗೆ ಸವರಿ, ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದರು.

"ಒಡಿಯೋದು ಬೇಡ, ಚೂರು ಚುಚ್ಚುತ್ತೆ. ಮತ್ತೆ ತೊಡೋ ಕೈ ಇದು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕದಿರಮ್ಮ ತಲೆ ಎತ್ತಲಿಲ್ಲ, ಕೈ ಮಾತ್ರ ಅತ್ತೆಯ ಕೈಯಲ್ಲೇ ಬಿಟ್ಟಿದ್ದಳು.

ಗಂಗುಲಪ್ಪ ಹೇಳಿದ ಹಾಗೆಯೇ ಮತ್ತೆ ಬಂದ. ಮಾವು ಕಾಯಿ ಕಟ್ಟಿದ ಮೇಲೆ ಕುಲದ ಹಿರಿಯರು ನಮ್ಮ ಜಗಲಿಯಲ್ಲಿ ಸೇರಿದರು. ಈ ಹೆಣ್ಣಿಗೂ ನಮ್ಮ ಮನೆಗೂ ಸಂಬಂಧ ಹರಿಯಿತು ಅಂತ ಮಾವ ಹೇಳಬೇಕು, ವೀಳ್ಯ ಕೊಡಬೇಕು. ಮಾವ ಎಲೆ ಕೈಗೆ ತೆಗೆದುಕೊಂಡು ಬಾಯಿ ತೆರೆದರು. ಬಾಗಿಲ ಸಂದಿಯಿಂದ ಅತ್ತೆ ಅಂದರು:

"ಸಂಬಂಧ ಅನ್ನಬೇಡಿ. ಸೊಸೆತನ ಹರೀತು ಅನ್ನಿ. ಅಷ್ಟೇ ಅನ್ನಿ."

ಹಿರಿಯರಲ್ಲಿ ಒಬ್ಬರು, ಇದು ಎಲ್ಲೂ ಇಲ್ಲದ ಮಾತು, ಮಾತು ಬದಲಾಯಿಸಿದರೆ ಬಿಡುಗಡೆ ಆಗುವುದಿಲ್ಲ ಅಂದರು. ಸ್ವಲ್ಪ ವಾದವಾಯಿತು. ಕೊನೆಗೆ ಮಾವ, ಹೇಳುವವನು ನಾನು, ನನ್ನ ಮನೆಯಲ್ಲಿ ಏನು ಹರಿಯಿತು ಅಂತ ನನಗೆ ಗೊತ್ತು ಅಂದು, ಸೊಸೆತನ ಹರಿಯಿತು ಅಂತಲೇ ಹೇಳಿ ವೀಳ್ಯ ಕೊಟ್ಟುಬಿಟ್ಟರು. ಗಂಗುಲಪ್ಪ ಈಸಿಕೊಂಡು ಕಣ್ಣಿಗೆ ಒತ್ತಿಕೊಂಡ.

ಕದಿರಮ್ಮ ಹೋದ ಮೇಲೆ ಅವಳ ಕೆಲಸವೆಲ್ಲ ನನ್ನ ಮೇಲೆ ಬಿತ್ತು. ಬೀಸುವ ಕಲ್ಲಿಗೆ ಎದುರು ಕೈ ಇಲ್ಲದೆ ಅತ್ತೆಯೇ ಕೂತರು. ಬೀಸುತ್ತಾ ಬೀಸುತ್ತಾ ಎಲ್ಲಪ್ಪನ ಮಾತು ಆಡುವರು. ಕೆಲವು ಸಲ ನಗುವರು. ನಮ್ಮವರು ಕಪಿಲೆಯ ಮೇಲೆ ಊರ ಹಾಡುಗಳನ್ನೇ ಹೇಳತೊಡಗಿದರು. ಆ ಇನ್ನೊಂದನ್ನು ವರ್ಷಕ್ಕೊಂದು ಸಲ, ಎಡೆ ಇಟ್ಟ ದಿನ, ಅತ್ತೆಯೇ ಕೇಳಿ ಹಾಡಿಸುವರು. ಮಾವ ಆ ಹೊತ್ತಿಗೆ ಎದ್ದು ಹೋಗುತ್ತಿರಲಿಲ್ಲ.

ಮಾರನೆಯ ವರ್ಷ ಕದಿರಮ್ಮ ಬಸುರಿ ಅಂತ ಸುದ್ದಿ ಬಂತು. ಚೊಚ್ಚಲು. ತಾಯಿ ಇಲ್ಲ, ಅಣ್ಣನಿಗೆ ಮನೆಯಿಲ್ಲ, ಕಲ್ಲಿನ ಚಪ್ಪರದಲ್ಲೇ ಮಲಗುವವನು. ಅತ್ತೆ ಯಾರನ್ನೂ ಕೇಳಲಿಲ್ಲ. ಗಾಡಿಗೆ ಹುಲ್ಲು ಹಾಸಿಸಿ, ಮೇಲೆ ಕಂಬಳಿ ಹಾಸಿಸಿ, ನನ್ನನ್ನೂ ಕೂರಿಸಿಕೊಂಡು ಕ್ಯಾಲನೂರಿಗೆ ಹೊರಟರು. ದಾರಿಯುದ್ದಕ್ಕೂ ಏನು ಅಂತ ಹೇಳಿಕೊಳ್ಳುವುದು, ಸತ್ತ ಗಂಡನ ತಾಯಿ ಅಂದರೆ ಬಸುರಿಯ ಮನೆಯವರು ಹೊಸಿಲು ತುಳಿಯಲು ಬಿಟ್ಟಾರೇ ಅಂತ ನನಗೆ ಯೋಚನೆ.

ಅಂಗಳದ ತುಂಬ ಎಮ್ಮೆ. ಚನ್ನರಾಯಪ್ಪನ ಅಕ್ಕ ದೊಡ್ಡವೆಂಕಟಮ್ಮ ಹಾಲಿನ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು. ಜೋರಿನ ಹೆಂಗಸು. ಗಾಡಿ ನೋಡಿ, ನಮ್ಮಿಬ್ಬರನ್ನೂ ನೋಡಿ, ಹುಡುಗಿಗೆ ನೀವು ಏನಾಗಬೇಕು ಅಂತ ಕೇಳಿದರು. ಅವರ ಹಿಂದೆ ಕದಿರಮ್ಮ ಕಾಣಿಸಿಕೊಂಡಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಮೊಣಕೈ ತನಕ ಹಸಿರು ಬಳೆ ತೊಟ್ಟುಕೊಂಡು.

ಅತ್ತೆ ಗಾಡಿಯಿಂದ ಇಳಿದು ಸೀರೆ ಸರಿಮಾಡಿಕೊಂಡರು.

"ನಾವು ತೌರಿನೋರು ಕಣಮ್ಮ. ಬಾಣಂತನಕ್ಕೆ ಕರ್ಕೊಂಡ್ ಹೋಗೋಕೆ ಬಂದಿದೀವಿ."

ದೊಡ್ಡವೆಂಕಟಮ್ಮ ತಿರುಗಿ ಕದಿರಮ್ಮನ ಮುಖ ನೋಡಿದರು. ಒಳಗೆ ಹೋಗಿ, ಕಾಲು ತೊಳೆಯಲು ನೀರು ತಂದರು.